ಮರಿಯಮ್ಮನ ಹಣೆ

ಚಿತ್ರ ಬರೆಯುವವನ ಬೆನ್ನ ಹಿಂದೆ ನಿಂತು ಮಾತಾಡುವವರ ಬಗ್ಗೆ ದೇವರು ತನ್ನ ಹತ್ತು ಕಟ್ಟಳೆಗಳಲ್ಲಿ ಒಂದನ್ನಾದರೂ ಕೊಡಬೇಕಿತ್ತು. ಕೊಡಲಿಲ್ಲ. ಯುದ್ಧ ನಡೆಯುತ್ತಿದ್ದ ಆ ನಲವತ್ತರ ದಶಕದ ಮೊದಲ ವರ್ಷಗಳಲ್ಲಿ ಹೊನ್ನಾಳಿಯ ನಮ್ಮ ಕ್ರೈಸ್ತರ ಗುಡಿಗೆ ನಾನು ಬರೆದುಕೊಟ್ಟ ಮರಿಯಮ್ಮನ ಹಲಗೆಯನ್ನು ನೆನೆದಾಗಲೆಲ್ಲ, ಕೈಯಲ್ಲಿ ಜಪಸರ ಇದ್ದರೂ, ಮೊದಲು ಬರುವುದು ಸಿಟ್ಟು. ಸಿಟ್ಟು ಇಳಿದ ಮೇಲೆ ಪ್ರಾರ್ಥನೆ. ತಾಯಿಗೆ ಇದು ಗೊತ್ತಿದೆ. ಕಾಯುವುದು ಅವಳಿಗೂ ರೂಢಿಯಾಗಿಬಿಟ್ಟಿದೆ.

ನಾನು ಹುಟ್ಟಿದ್ದು ನ್ಯಾಮತಿ, ನೆಲೆ ನಿಂತದ್ದು ಹೊನ್ನಾಳಿ. ಮೂರನೆಯ ತರಗತಿಗೇ ಸ್ಲೇಟು ಕೆಳಗಿಟ್ಟು ಅಪ್ಪನ ಜೊತೆ ಎತ್ತಿನ ಗಾಡಿಗಳಿಗೆ ಬಣ್ಣ ಹಚ್ಚಲು ಹೋದವನು. ಚನ್ನಗಿರಿಯ ಸಂತೆಯಲ್ಲಿ ಸಾಲಾಗಿ ನಿಂತ ಗಾಡಿಗಳಲ್ಲಿ ಯಾವುದರ ಹಿಂಬದಿ ಹಲಗೆಯ ನವಿಲು ನನ್ನದು ಎಂದು ಜನ ಹತ್ತು ಮಾರು ದೂರದಿಂದಲೇ ಹೇಳುತ್ತಿದ್ದರು. ನಲ್ಲೂರಿನ ಅಂಗಡಿಗಳ ಬೋರ್ಡುಗಳಲ್ಲೂ ನನ್ನ ಅಕ್ಷರಗಳಿದ್ದವು. ಇದನ್ನು ಜಂಬ ಎನ್ನುವವರಿದ್ದಾರೆ. ಇರಬಹುದು. ಬಿಸಿಲಲ್ಲಿ ಕೂತು ದುಡಿದು ಗಳಿಸಿದ ಜಂಬ ಅದು, ಯಾರ ಮನೆಯಿಂದಲೂ ಕಡ ತಂದದ್ದಲ್ಲ.

ನಮ್ಮ ಮನೆಯಲ್ಲಿ ನನ್ನ ಅಕ್ಕ ಇದ್ದಳು. ಜಗಳೂರು ಸೀಮೆಯ ಸೊಕ್ಕೆಗೆ ಕೊಟ್ಟಿದ್ದೆವು. ಗಂಡ ಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ಒಂದು ಗಂಟಿನ ಜೊತೆ ವಾಪಸು ಬಂದಳು. ನಾವು ಕ್ರೈಸ್ತರಾದದ್ದು ತಾತನ ಕಾಲದಲ್ಲಿ. ಆದರೆ ನಮ್ಮ ಹೆಂಗಸರು ಕುಂಕುಮ, ಬಳೆ, ತಾಳಿ ಯಾವುದನ್ನೂ ಬಿಟ್ಟವರಲ್ಲ, ಗಂಡ ಸತ್ತವಳಿಂದ ಅವನ್ನು ತೆಗೆಸುವುದನ್ನೂ ಬಿಟ್ಟವರಲ್ಲ. ಮದುವೆ ಮನೆಯಲ್ಲಿ ಅಕ್ಕ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮಗುವಿಗೆ ದೀಕ್ಷಾಸ್ನಾನ ಎಂದರೆ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಅವಳ ಕೈ ಬೇಕೆಂದಿದ್ದ ಜಾಗ ಊರಲ್ಲಿ ಒಂದೇ. ಅದು ಗುಡಿಯ ಪೀಠದ ಹಿಂದಿನ ಗೋಡೆ. ಅಲ್ಲಿ ಮರಿಯಮ್ಮನ ಅಚ್ಚಿನ ಪಟವೊಂದಿತ್ತು. ಪ್ರತಿ ಶನಿವಾರ ಅಕ್ಕ ಕಾಕಡ ಹೂವನ್ನು ಬಾಳೆನಾರಿನಲ್ಲಿ ಕಟ್ಟಿ, ಪಟದ ಗಾಜು ಒರೆಸಿ, ಹಾರ ಹಾಕಿ ಬರುತ್ತಿದ್ದಳು. ಹೋಗುವಾಗ ಒಂದು ನಡಿಗೆ, ಬರುವಾಗ ಇನ್ನೊಂದು ನಡಿಗೆ. ಬರುವಾಗಿನದನ್ನು ನೋಡಿದವರಿಗೆ ಅವಳಿಗೂ ಒಂದು ಹುದ್ದೆ ಇದೆ ಎನ್ನಿಸುತ್ತಿತ್ತು.

ಆ ಪಟಕ್ಕೆ ಗೆದ್ದಲು ಹಿಡಿಯಿತು. ಒಂದು ಮಳೆಗಾಲದಲ್ಲಿ ಚೌಕಟ್ಟು ತೆಗೆದು ನೋಡಿದರೆ ಮರಿಯಮ್ಮನ ಮುಖದ ಜಾಗದಲ್ಲಿ ಬರೀ ಮಣ್ಣು.

ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದ ಸ್ವಾಮಿಗಳು ಮಂಗಳೂರು ಕಡೆಯವರು. ಪುಸ್ತಕದ ಕನ್ನಡ ಮಾತಾಡುವವರು. ನನ್ನನ್ನು ಕರೆದು ಹೇಳಿದರು: “ಯುದ್ಧ ಮುಗಿಯುವವರೆಗೆ ಹೊಸ ಪಟ ಬರುವುದಿಲ್ಲ. ನೀವೇ ಒಂದು ಹಲಗೆಯ ಮೇಲೆ ಬರೆಯಿರಿ. ಪರದೇಶದ ಹೆಂಗಸು ಬೇಡ. ನಮ್ಮ ನಾಡಿನ ತಾಯಿಯಂತಿರಲಿ.”

“ಸೀರೆ ಉಡಿಸಲಾ ಸ್ವಾಮಿ?”

“ಉಡಿಸಿ. ಆದರೆ ಹಣೆಯ ಮೇಲೆ ಏನೂ ಬೇಡ.”

ನನಗೆ ಆಗ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಗಾಡಿಯವನು ಹುಲಿ ಬೇಕೆಂದರೆ ಹುಲಿ, ಗಿಳಿ ಬೇಕೆಂದರೆ ಗಿಳಿ. ಬರೆಯಿಸುವವನ ಮಾತೇ ಮಾತು.

ಒಳ್ಳೆ ತೇಗದ ಹಲಗೆ ಹೊಂದಿಸಿದೆ. ಬಣ್ಣದ ಗತಿ ಮಾತ್ರ ಕೇಳಬೇಡಿ. ಡಬ್ಬಿ ಬಣ್ಣ ಯಾವ ಅಂಗಡಿಯಲ್ಲೂ ಇರಲಿಲ್ಲ. ನನ್ನಲ್ಲಿ ಉಳಿದದ್ದು ಒಂದಿಷ್ಟು ಬಿಳಿ, ಕೆಮ್ಮಣ್ಣು, ದೀಪದ ಕಾಡಿಗೆ, ಅಗಸೆ ಎಣ್ಣೆ. ನೀಲಿಗೆ ಬಟ್ಟೆ ಒಗೆಯುವ ನೀಲಿಯನ್ನೇ ಅರೆದುಕೊಂಡೆ. ಹಾಗಾಗಿ ಸೀರೆ ಬಿಳಿಯಾಯಿತು, ಅಂಚು ನೀಲಿಯಾಯಿತು. ಹಸಿರು ಇಲ್ಲದ್ದರಿಂದ ಬಳೆ ಬರೆಯಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸುವ ಬದಲು, ನಮ್ಮ ಹೆಂಗಸರು ಬಾವಿಗೆ ಹೋಗುವಾಗ ಎತ್ತಿಕೊಂಡಂತೆ ಸೊಂಟದ ಮೇಲೆ ಇಟ್ಟೆ. ಯೇಸು ಕೂಸು ತಾಯಿಯ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡಿತ್ತು. ಅದು ನನ್ನ ಸ್ವಂತ ಯೋಚನೆ. ಇವತ್ತಿಗೂ ಅದರಷ್ಟು ಚಂದದ ಯೋಚನೆ ಇನ್ನೊಂದು ನನಗೆ ಬಂದಿಲ್ಲ.

ಬರೆಯುವಾಗ ನಮೋ ಮರಿಯಾ ಜಪ ಹೇಳಿಕೊಂಡೇ ಬರೆದೆ. ಕುಂಚ ಅದ್ದುವಾಗ ಒಂದು ಸಾಲು, ಎಳೆಯುವಾಗ ಒಂದು ಸಾಲು. ಕಣ್ಣು ಬರೆಯುವ ದಿನ ಉಪವಾಸ ಇದ್ದೆ. ನವಿಲಿನ ಕಣ್ಣಿಗೆ ನಾನು ಎಂದೂ ಉಪವಾಸ ಮಾಡಿದವನಲ್ಲ.

ಹಲಗೆಯನ್ನು ಜಗಲಿಯ ಮೇಲೆ ಒಣಗಲು ಇಟ್ಟಿದ್ದೆ. ಗೋವಿನಕೋವಿಯ ಒಬ್ಬ ರೈತ ಗಾಡಿಯ ಮೂಕಿಗೆ ಬಣ್ಣ ಹಚ್ಚಿಸಲು ಬಂದಿದ್ದ. ಹಳೆಯ ಗಿರಾಕಿ, ಬಾಯಿ ಸುಮ್ಮನಿರದ ಮನುಷ್ಯ. ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

“ಯಾವ ದೇವ್ರುರೀ ಇದು?”

“ಮರಿಯಮ್ಮ.”

“ಮಾರೆಮ್ಮನಾ? ಕೈಯಾಗೆ ಕತ್ತಿ ಇಲ್ಲ?”

“ಮಾರೆಮ್ಮ ಅಲ್ಲಪ್ಪ, ಮರಿಯಮ್ಮ. ನಮ್ಮ ಯೇಸುಸ್ವಾಮಿ ತಾಯಿ.”

“ಹಂಗಾ.” ಬೀಡಿ ಹಚ್ಚಿದ. “ಪಾಪ, ಗಂಡ ಯಾವಾಗ ಹೋದ?”

“ಯಾರ ಗಂಡ?”

“ಈಯಮ್ಮಂದು. ಹಣೆ ಬೋಳು, ಕೈ ಬೋಳು, ಬಿಳಿ ಸೀರೆ. ಗಂಡ ಇಲ್ದೋಳು ಅಂತ ಕುರುಡನಿಗೂ ಗೊತ್ತಾಗ್ತೈತೆ.” ಒಂದು ದಮ್ಮು ಎಳೆದು ಕೂಸಿನ ಕಡೆ ನೋಡಿದ. “ಕೂಸು ನೋಡಿದ್ರೆ ಇನ್ನೂ ಹಾಲು ಬಿಟ್ಟಿಲ್ಲ. ಅದೊಂದು ಲೆಕ್ಕ ನಂಗೆ ಕೂಡ್ತಾ ಇಲ್ಲ ನೋಡ್ರಿ.”

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ಸಂಕಟ. ಗೆದ್ದಲು ತಿಂದ ಪಟದಲ್ಲೂ ತಾಯಿಯ ಹಣೆ ಬೋಳೇ ಇತ್ತು, ಆದರೆ ಅವಳು ಪರಂಗಿ ಹೆಂಗಸು. ಪರಂಗಿಯವಳ ಹಣೆಯಲ್ಲಿ ಕುಂಕುಮ ಯಾರು ಹುಡುಕುತ್ತಾರೆ? ನಾನು ಸೀರೆ ಉಡಿಸಿ ನಮ್ಮವಳನ್ನಾಗಿ ಮಾಡಿದೆ. ನಮ್ಮವಳಾದ ಗಳಿಗೆಯಿಂದ ಅವಳ ಹಣೆಗೆ ಊರೆಲ್ಲ ಹಕ್ಕುದಾರರಾದರು.

ಗಾಡಿಯವನ ಮಾತು ನನಗಿಂತ ಮೊದಲೇ ಗುಡಿ ತಲುಪಿತು. ಹಲಗೆಯನ್ನು ಗೋಡೆಗೆ ಏರಿಸಿದ ಭಾನುವಾರ ಹೆಂಗಸರ ಸಾಲು ಪ್ರಾರ್ಥನೆ ಬಿಟ್ಟು ಪಿಸುಗುಟ್ಟುತ್ತಲೇ ಇತ್ತು. ಸ್ವಾಮಿಗಳು ಇಲ್ಲದ ವಾರಗಳಲ್ಲಿ ಜಪ ನಡೆಸುತ್ತಿದ್ದವರು ಉಪದೇಶಿಗಳು. ಉಪದೇಶಿಗಳನ್ನು ನಡೆಸುತ್ತಿದ್ದವರು ಅವರ ಹೆಂಡತಿ. ನಾವೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು. ಜಪ ಮುಗಿದ ಮೇಲೆ ದೊಡ್ಡವ್ವ ನನ್ನನ್ನು ಬಾಗಿಲಲ್ಲಿ ತಡೆದರು.

“ಚಿತ್ರ ಚೆಂದ ಐತಪ್ಪ. ಒಂದು ಬೊಟ್ಟು ಕುಂಕುಮ ಇಟ್ಟುಬಿಡು.”

“ಸ್ವಾಮ್ಯೋರು ಬ್ಯಾಡ ಅಂದಾರೆ ದೊಡ್ಡವ್ವ.”

“ಸ್ವಾಮ್ಯೋರಿಗೇನು, ಹೆಂಡ್ರಾ ಮಕ್ಕಳಾ? ಬೀದ್ಯಾಗೆ ಮಾತು ಕೇಳೋರು ನಾವು. ನಿಮ್ಮ ದೇವ್ರು ತಾಯಿ ಮುಂಡೆ ಅಂತೆ, ಕಂಕುಳಾಗೆ ಕೂಸಂತೆ ಅಂತ ಹೊಳಿ ದಂಡ್ಯಾಗೆ ಬಟ್ಟೆ ಒಗಿಯಾಕೆ ಹೋದ್ರೆ ನಗ್ತಾರೆ.”

ಇಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ದೊಡ್ಡವ್ವ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. “ಇನ್ನೊಂದು. ನಿಮ್ಮಕ್ಕಗೆ ಹೇಳು. ಅಂಥ ಕೈಲೆ ಹಾರ ಹಾಕಿಸಿದ್ರೆ ಇವರಿಗೆ ಇಂಥೋಳೇ ಪೂಜಾರ್ತಿ ಅಂತಾರೆ. ಇನ್ನ ಮ್ಯಾಲೆ ಹೂ ಕಟ್ಟಿ ಕೊಡ್ಲಿ ಸಾಕು. ಹಾಕಾಕೆ ಮುತ್ತೈದೇರು ಅದೀವಿ.”

ಹಿಂದೆ ನಿಂತಿದ್ದ ಅಕ್ಕನಿಗೆ ಅದು ಕೇಳಿಸಿತು. ದೊಡ್ಡವ್ವ ದನಿ ತಗ್ಗಿಸಿದಾಗಲೂ ಎಲ್ಲರಿಗೂ ಕೇಳಿಸುವಂತೆಯೇ ತಗ್ಗಿಸುತ್ತಿದ್ದರು.

ನನಗೆ ರೇಗಿತು. ಮರುದಿನವೇ ಉಪದೇಶಿಗಳ ಮನೆಗೆ ಹೋದೆ. ಅವರು ಊಟಕ್ಕೆ ಕೂತಿದ್ದರು. ಹೊಸಿಲಲ್ಲೇ ನಿಂತು ಕೇಳಿದೆ: “ಯೇಸುಸ್ವಾಮೀನ ಶಿಲುಬೆಗೆ ಏರಿಸಿದಾಗ ಜೋಸೆಫಪ್ಪನೋರು ಇದ್ರಾ?”

ಉಪದೇಶಿಗಳು ತುತ್ತು ನಿಲ್ಲಿಸಿದರು. “ಇಲ್ಲ. ಅದಕ್ಕೂ ಎಷ್ಟೋ ಮುಂಚೆ ತೀರಿಕೊಂಡಿದ್ರು ಅಂತ ಹಿರೇರು ಹೇಳ್ತಾರೆ. ಅದಕ್ಕೇ ಅಲ್ವಾ ಯೇಸುಸ್ವಾಮಿ ತಾಯೀನ ಶಿಷ್ಯನ ಕೈಗೆ ಒಪ್ಪಿಸಿದ್ದು.”

“ಹಂಗಾದ್ರೆ ಮರಿಯಮ್ಮನೂ ಗಂಡ ಇಲ್ದೋಳೇ ಆಯ್ತಲ್ಲ. ಅವಳ ಹಣೆ ಬೋಳಿದ್ರೆ ಏನು ತಪ್ಪು? ನಮ್ಮಕ್ಕ ಮುಟ್ಟಿದ್ರೆ ಏನು ತಪ್ಪು?”

ಗೆದ್ದೆ ಅಂದುಕೊಂಡೆ. ಒಳಗಿಂದ ದೊಡ್ಡವ್ವ ಸೌಟು ಹಿಡಿದುಕೊಂಡೇ ಬಂದರು.

“ಶಿಲುಬೆ ಹೊತ್ತಿಗೆ ಮಗನಿಗೆ ಎಷ್ಟು ವಯಸ್ಸು?”

“ಮೂವತ್ತರ ಮ್ಯಾಲೆ,” ಎಂದರು ಉಪದೇಶಿಗಳು.

“ನೀ ಬರೆದ ಕೂಸಿಗೆ?”

ನನ್ನ ಉತ್ತರಕ್ಕೆ ಕಾಯದೆ ದೊಡ್ಡವ್ವ ಸೌಟನ್ನು ನನ್ನ ಕಡೆ ತಿರುಗಿಸಿದರು.

“ಸೆರಗು ಕಚ್ಚೋ ಕೂಸು. ಆಗ ಗಂಡ ಅದಾನೆ, ಬಡಿಗಿ ಕೆಲಸ ಮಾಡ್ತಾ ಅದಾನೆ, ದುಡಿದು ಹಾಕ್ತಾ ಅದಾನೆ. ಇದ್ದ ಗಂಡನ್ನ ಸಾಯ್ಸಿ ಹಣೆ ಅಳಿಸೀಯಲ್ಲಪ್ಪ, ಅದು ಪಾಪ ಅಲ್ಲೇನು? ಊಟ ಮಾಡ್ತೀಯ?”

ಊಟ ಮಾಡಲಿಲ್ಲ. ದಾರಿಯುದ್ದಕ್ಕೂ ಉತ್ತರ ಹುಡುಕಿದೆ. ಸೋಲುವುದು ನನಗೆ ಅಭ್ಯಾಸವಿಲ್ಲ. ಅದರಲ್ಲೂ ಸರಿಯಾದ ಮಾತಿಗೆ ಸೋಲುವುದಂತೂ ಮೈಯೆಲ್ಲ ಉರಿಸುತ್ತದೆ. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಮೊರದಲ್ಲಿ ಕಲ್ಲು ಆರಿಸುತ್ತಿದ್ದಳು.

“ಹಚ್ಚು ತಮ್ಮ,” ಎಂದಳು. “ಇರೋ ಗಂಡನ್ನ ಯಾಕೆ ತೆಗೀತೀಯ.”

“ನಿನ್ನ ಹಾರ?”

“ಕಟ್ಟಿ ಕೊಡ್ತೀನಲ್ಲ.”

ಹಚ್ಚಿದೆ. ನಿಜವಾದ ಇಂಗಲೀಕದ ಕೆಂಪು ಎಲ್ಲೋ ಮೂಲೆಯ ಚಿಪ್ಪಿನಲ್ಲಿ ಚಿಟಿಕೆಯಷ್ಟು ಉಳಿದಿತ್ತು. ಅದನ್ನು ತಾಯಿಯ ಹಣೆಗೇ ಖರ್ಚು ಮಾಡಿದೆ. ಕೆಂಪು ಬಿದ್ದ ಕೂಡಲೇ ಇಡೀ ಹಲಗೆ ಎಚ್ಚರವಾದಂತಾಯಿತು. ಸುಳ್ಳು ಹೇಳಲಾರೆ, ಚೆನ್ನಾಗಿಯೇ ಕಂಡಿತು. ಅದು ಇನ್ನಷ್ಟು ಸಿಟ್ಟು ತರಿಸಿತು.

ಆ ತಿಂಗಳು ಸ್ವಾಮಿಗಳು ಬಂದಾಗ ಬೈಯುತ್ತಾರೆ, ಅಳಿಸು ಎನ್ನುತ್ತಾರೆ, ಆಗ ಮತ್ತೆ ಎಲ್ಲ ಮೊದಲಿನಂತಾಗುತ್ತದೆ ಎಂದು ಒಳಗೊಳಗೇ ಕಾದಿದ್ದೆ. ಅವರು ಕನ್ನಡಕ ಏರಿಸಿ ನೋಡಿದರು. ಹೆಂಗಸರ ಕಡೆ ಒಮ್ಮೆ, ಹಲಗೆಯ ಕಡೆ ಒಮ್ಮೆ.

“ಸ್ವಲ್ಪ ಸಣ್ಣದು ಮಾಡಿ,” ಎಂದರು.

“ಸಣ್ಣದು ಅಂದ್ರೆ ಸ್ವಾಮಿ?”

“ಇದ್ದೂ ಇಲ್ಲದ ಹಾಗೆ.”

ನನ್ನ ಕಸುಬಿನಲ್ಲಿ ಇಂಥ ಅಳತೆಯೊಂದಿಲ್ಲ. ಕಡೆಗೆ ಅಕ್ಕನ ವಿಷಯ ನಾನೇ ಎತ್ತಿದೆ. ಹಾರ ಹಾಕಲು ಅವಳನ್ನು ಬಿಡುತ್ತಿಲ್ಲ, ದೇವರ ಮುಂದೆ ಇದು ಸರಿಯೇ ಎಂದು ಕೇಳಿದೆ. ಸ್ವಾಮಿಗಳು ಬಹಳ ನೊಂದುಕೊಂಡರು. ದೇವರ ಮುಂದೆ ಎಲ್ಲರೂ ಸಮಾನರು ಎಂದರು. ನಾನು ಇದನ್ನು ಅವರ ಬಾಯಿಂದ ದೊಡ್ಡವ್ವನ ಮುಂದೆ ಹೇಳಿಸಬೇಕೆಂದು ತಿರುಗಿ ನೋಡುವಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಚೀಲ ಎತ್ತಿಕೊಂಡರು. “ಹೆಂಗಸರ ವಿಷಯ, ನೀವೇ ಸಮಾಧಾನದಿಂದ ಬಗೆಹರಿಸಿಕೊಳ್ಳಿ.” ಒಳ್ಳೆಯ ಮನುಷ್ಯರು. ಅವರ ಬಸ್ಸು ಮಾತ್ರ ಯಾವಾಗಲೂ ಬೇಕಾದ ಹೊತ್ತಿಗೇ ಬರುತ್ತಿತ್ತು.

ಆಮೇಲಿನ ಶನಿವಾರಗಳಲ್ಲಿ ಅಕ್ಕ ಹೂ ಕಟ್ಟಿ, ಗುಡಿಯ ಬಾಗಿಲವರೆಗೆ ಒಯ್ದು, ಹೊಸಿಲ ಬಳಿ ಯಾರಾದರೊಬ್ಬ ಮುತ್ತೈದೆಯ ಕೈಗೆ ಕೊಟ್ಟು, ಅಲ್ಲೇ ಕಂಬಕ್ಕೆ ಒರಗಿ ಕೂತು ಜಪ ಮುಗಿಸಿ ಬರುತ್ತಿದ್ದಳು. ಹೋಗುವ ನಡಿಗೆ, ಬರುವ ನಡಿಗೆ ಎರಡೂ ಒಂದೇ ಆದವು. ನನಗೆ ಅವಳ ಮೇಲೂ ಸಿಟ್ಟು. “ಜಗಳ ಆಡಬಾರ್ದಾ?” ಎಂದರೆ, “ಆಡಿದ್ರೆ ಹೂ ಕಟ್ಟೋದೂ ತಪ್ಪುತ್ತೆ,” ಎನ್ನುತ್ತಿದ್ದಳು.

ಜಗಳ ನಾನು ಆಡಿದೆ, ನೇರ ಮರಿಯಮ್ಮನ ಜೊತೆಗೇ. ಗುಡಿಯಲ್ಲಿ ಯಾರೂ ಇಲ್ಲದಾಗ ಹೋಗಿ ಮಂಡಿಯೂರಿ ಕೂತು ಹೇಳಿದೆ: “ನಿನ್ನನ್ನು ಈ ಕೈಯಿಂದ ಬರೆದೆ. ಉಪವಾಸ ಇದ್ದು ಕಣ್ಣು ಕೊಟ್ಟೆ. ನಮ್ಮ ಮನೆಯವಳ ಕೈ ನಿನಗೆ ಬೇಡವಾಯಿತೇ?” ಕುಂಕುಮ ಇಟ್ಟುಕೊಂಡ ಮರಿಯಮ್ಮ ಎಲ್ಲ ಮುತ್ತೈದೆಯರಂತೆ ತೃಪ್ತಿಯಾಗಿ ನೋಡುತ್ತಿದ್ದಳು. ಕೂಸು ಸೆರಗು ಕಚ್ಚುತ್ತಿತ್ತು. ಬಹಳ ಹೊತ್ತು ಕೂತಿದ್ದೆ. ಏಳುವಾಗ ಒಂದು ಮಾತು ಹೊಳೆಯಿತು. ಬೈದುಕೊಂಡು ಮಾಡಿದ ಪ್ರಾರ್ಥನೆಗೂ ಉತ್ತರ ಬರುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ. ದೊಡ್ಡವ್ವ ಹೇಳಿದ್ದು ಕೂಸು ಸೊಂಟದ ಮೇಲಿದ್ದ ಕಾಲದ ಮಾತು. ಇದೇ ಹೆಂಗಸು ಮೂವತ್ತು ವರ್ಷ ದಾಟಿ ಶಿಲುಬೆಯ ಕೆಳಗೂ ನಿಂತಿದ್ದಳಲ್ಲ. ಅವಳನ್ನು ಯಾರೂ ಬರೆದಿಲ್ಲ. ನಮ್ಮ ಸೀಮೆಯಲ್ಲಂತೂ ಇಲ್ಲ.

ಯಾರೋ ಬೇಡವೆಂದು ಬಿಟ್ಟುಹೋದ ಗಾಡಿಯ ಹಿಂಬದಿ ಹಲಗೆಯೊಂದು ನನ್ನ ಹಿತ್ತಲಲ್ಲಿತ್ತು. ಗಿಡ್ಡ ಹಲಗೆ. ಇಡೀ ಶಿಲುಬೆ ಹಿಡಿಯಲಿಲ್ಲ. ಮೇಲ್ತುದಿಯಲ್ಲಿ ಮಗನ ಪಾದಗಳಷ್ಟೇ ಬಂದವು. ಕೆಳಗೆ ತಾಯಿ, ಕತ್ತು ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಾ. ಮೈ, ಸೀರೆ, ಕೈ ಎಲ್ಲ ಸಲೀಸಾಗಿ ಬಂತು. ಹಣೆಗೆ ಬಂದಾಗ ಕೈ ನಿಂತಿತು. ಬೋಳು ಹಣೆ ಬರೆಯುವುದು ಸುಲಭ, ಏನೂ ಬರೆಯದಿದ್ದರೆ ಆಯಿತು ಎಂದುಕೊಂಡಿದ್ದೆ. ಹಾಗಲ್ಲ. ಏನೂ ಬರೆಯದ ಹಣೆ ಕನ್ನೆಹುಡುಗಿಯ ಹಣೆಯಂತೆ ಕಂಡಿತು. ಮೊದಲು ಇದ್ದು ಆಮೇಲೆ ಅಳಿಸಿದ ಹಣೆ ಬೇರೆಯೇ.

ಅಕ್ಕನನ್ನು ಜಗಲಿಗೆ ಕರೆದೆ. “ಇಲ್ಲಿ ಬೆಳಕಿಗೆ ಕೂತ್ಕೋ.”

“ಏನು ನೋಡ್ತೀಯ?”

“ಹಣೆ.”

“ಏನೈತೆ ಅದರಾಗೆ ನೋಡಾಕೆ?”

ಇತ್ತು. ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಟ್ಟು ಇಟ್ಟು ಹುಬ್ಬುಗಳ ನಡುವೆ ಚರ್ಮ ಕಂದಿ ಒಂದು ಗುಂಡನೆಯ ಕಲೆ ಉಳಿದಿತ್ತು. ಒರೆಸಿದರೆ ಹೋಗುವಂಥದ್ದಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಊಟ ಮಾಡಿದರೂ ನಾನು ಅದನ್ನು ನೋಡಿರಲಿಲ್ಲ. ನವಿಲಿನ ಗರಿಯಲ್ಲಿ ಎಷ್ಟು ಬಣ್ಣ ಇವೆ ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಕೆಮ್ಮಣ್ಣಿಗೆ ಚೂರು ಕಾಡಿಗೆ ಬೆರೆಸಿ ಆ ಕಲೆಯನ್ನು ಮರಿಯಮ್ಮನ ಹಣೆಯ ಮೇಲೆ ಇಟ್ಟೆ. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಹಲಗೆಯನ್ನು ನೋಡುತ್ತಾ ತನ್ನ ಹಣೆಯನ್ನು ಬೆರಳಿನಿಂದ ಮುಟ್ಟಿಕೊಂಡಳು. ಒಲೆಯ ಕಡೆ ಹೋದಳು.

ತಪಸ್ಸುಕಾಲ ಬಂದಿತ್ತು, ಶಿಲುಬೆಯ ನೋವು ನೆನೆಯುವ ನಲವತ್ತು ದಿನ. ಆ ಹಲಗೆಗೆ ಚೌಕಟ್ಟು ಕಟ್ಟಿ ಗುಡಿಯ ಬಲಗೋಡೆಗೆ, ಬಾಗಿಲ ಹತ್ತಿರ, ನಿಲ್ಲಿಸಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ದೊಡ್ಡವ್ವ ಬಂದು ನೋಡಿದರು. ಆಮೇಲೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

“ಇದಕ್ಕೆ ನಾವು ಹಾರ ಹಾಕಾಕೆ ಬರಲ್ಲಪ್ಪ.”

“ನಿಮ್ಮನ್ನ ಯಾರು ಕೇಳಿದ್ರು. ನಮ್ಮಕ್ಕ ಹಾಕ್ತಾಳೆ.”

“ಹಾಕ್ಲಿ. ಅವಳೇ ಸರಿ.”

ಮನೆಗೆ ಓಡಿಬಂದೆ ಎನ್ನಬೇಕು. ಅಕ್ಕನಿಗೆ ಹೇಳಿದರೆ ಅವಳು ತಲೆ ಅಲ್ಲಾಡಿಸಿದಳು.

“ಅವಳಿಗೆ ಹೂ ಹೆಂಗೆ ಹಾಕ್ಲಿ ತಮ್ಮ? ಗಂಡ ಸತ್ತೋಳು ಹೂ ಮುಡಿಯಂಗಿಲ್ಲ.”

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಮುತ್ತೈದೆ ಮರಿಯಮ್ಮನಿಗೆ ಇವಳು ಹಾಕಕೂಡದು, ಅವರು ಬಿಡುವುದಿಲ್ಲ. ಗಂಡ ಇಲ್ಲದ ಮರಿಯಮ್ಮನಿಗೆ ಇವಳು ಹಾಕಬಹುದು, ಇವಳೇ ಹಾಕುವುದಿಲ್ಲ. ಇಂಥ ಜನಕ್ಕೆ ದೇವರು ತನ್ನ ತಾಯಿಯನ್ನು ಹೇಗೆ ತೋರಿಸಬೇಕು? “ಹಂಗಾದ್ರೆ ಆ ಹಲಗೇನ ಒಲೆಗೆ ಹಾಕ್ತೀನಿ,” ಎಂದೆ. “ಹಾಕು,” ಎಂದಳು. ಹಾಕುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಸಂಜೆ ಅವಳು ಎಂದಿನಂತೆ ಹಾರವನ್ನು ಹೊಸಿಲಲ್ಲಿ ಕೊಟ್ಟು ಕಂಬದ ಬಳಿ ಕೂತಳು. ಆ ಹಲಗೆ ಈಗ ಅವಳ ಎದುರಿಗೇ ಇತ್ತು. ನಾನು ಕಿಟಕಿಯ ತಿರುಗಣಿ ಸರಿಮಾಡುತ್ತಾ ಒಳಗೇ ಇದ್ದೆ. ಜಪ ಮುಗಿದು ಎಲ್ಲ ಹೋದರು. ಅವಳು ಏಳಲಿಲ್ಲ. ಆಮೇಲೆ ನನ್ನನ್ನು ಕರೆದಳು.

“ಒಂದು ಸಣ್ಣ ಮೊಳೆ ಐತೇನು?”

“ಯಾಕೆ?”

ಸೆರಗಿನ ಗಂಟು ಬಿಚ್ಚಿದಳು. ಒಂದು ಗೇಣು ಉದ್ದದ ಕಾಕಡದ ಎಳೆ. “ಹಾರ ಬ್ಯಾಡ. ಮುಡಿಸ್ತೀನಿ. ತಲೆ ಹತ್ರ ಒಂದು ಮೊಳೆ ಹೊಡಿ.”

“ಹೂ ಮುಡಿಯಂಗಿಲ್ಲ ಅಂದ್ಯಲ್ಲ?”

“ಹೂ ಏನು ಗಂಡ ತಂದಿದ್ದಾ? ಅದಕ್ಕೂ ಮುಂಚೆ ಅವ್ವ ಮುಡಿಸ್ತಿರಲಿಲ್ವಾ ನಂಗೆ. ಈಯಮ್ಮಗೂ ಅವ್ವ ಇದ್ಲಲ್ಲ.”

“ಅಕ್ಕ, ಹಲಗೆ ಹಳೇದು. ಮೊಳೆ ಹೊಡೆದ್ರೆ ಸೀಳ್ತೈತೆ. ಚೌಕಟ್ಟಿಗೆ ಸಿಕ್ಕಿಸು.”

“ಚೌಕಟ್ಟು ಮುಡೀತದಾ? ತಲೆಗೇ ಬೇಕು.”

ನಾನು ಬರೆದ ಚಿತ್ರಕ್ಕೆ ನಾನೇ ಮೊಳೆ ಹೊಡೆಯಬೇಕು. ಗೊಣಗಿಕೊಂಡೇ ಹುಡುಕಿ ಕಿಟಕಿಯಿಂದ ತೆಗೆದ ಒಂದು ಸಣ್ಣ ಮೊಳೆ ಹಿಡಿದೆ, ತಾಯಿಯ ತಲೆಯ ಮೇಲಿನ ಸೆರಗಿನ ಅಂಚಿನ ನೀಲಿಗೆ ತಾಗಿಸಿ ಇಟ್ಟೆ. ಪೆಟ್ಟಿಗೊಂದು ಬೈಗುಳ ಹೊರಬರಬೇಕಿತ್ತು. ಬಂದದ್ದು ನಮೋ ಮರಿಯಾ. ನಾನು ಹೇಳಿದ ಹಾಗೆಯೇ ಕೂದಲೆಳೆಯಷ್ಟು ಹಲಗೆ ಸೀಳಿತು. ಅಕ್ಕ ಅದನ್ನು ನೋಡಲೂ ಇಲ್ಲ. ಹೂವಿನ ಎಳೆಯನ್ನು ಮೊಳೆಗೆ ಸುತ್ತಿದಳು, ತುದಿ ಕಿವಿಯ ಹಿಂದೆ ಇಳಿಯುವಂತೆ ಬಿಟ್ಟಳು, ಆಮೇಲೆ ಹೆಣ್ಣುಮಗಳ ತಲೆ ಸವರುವಂತೆ ಹಲಗೆಯ ಮೇಲೆ ಕೈ ಆಡಿಸಿದಳು.

“ಮುಟ್ಟಬ್ಯಾಡ,” ಎಂದೆ. “ಬಣ್ಣ ಪೂರ್ತಿ ಒಣಗಿಲ್ಲ.”

ಅವಳು ನನ್ನ ಮಾತು ಕೇಳಲಿಲ್ಲ. ಸ್ವಲ್ಪ ಹಿಂದೆ ಸರಿದು, ಸರಿಯಾಗಿ ಕೂತಿದೆಯೇ ಎಂದು ನೋಡಿ, ಮತ್ತೆ ಮುಂದೆ ಹೋಗಿ ಇನ್ನೊಂದು ಸಲ ಮುಟ್ಟಿದಳು.